ಮೇಜಿನ ಮೇಲಿಟ್ಟ ಕಾಲು

ಅದು ಕಳೆದ ವರ್ಷದ ಬೇಸಿಗೆ. ನನಗೆ ಸಕ್ಕರೆ ಕಾಯಿಲೆ ಬಂದು ಆಗಲೇ ಕೆಲವು ವರ್ಷಗಳಾಗಿದ್ದವು. ಚಿಂತೆ ಮಾಡುವ ಕಾಯಿಲೆ ಮಾತ್ರ ಹುಟ್ಟಿನಿಂದಲೇ ಇದೆ. ಬರೀ ಮಾತ್ರೆ ನೆಚ್ಚಿಕೊಂಡರೆ ಹೇಗೆ ಅಂತ ಹೆದರಿ, ಶುಗರ್ ಇಳಿಯಲಿ ಎಂದು ದೇವಿಗೆ ಹರಕೆ ಹೊತ್ತೆ. ಮಂಗಳವಾರ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ, ಬರಿಗಾಲಲ್ಲಿ ಪ್ರದಕ್ಷಿಣೆ. ಬಿಸಿಲಿಗೆ ಗುಡಿಯ ಅಂಗಳದ ಕಲ್ಲು ದೋಸೆ ಹೆಂಚಿನ ಹಾಗೆ ಕಾದಿತ್ತು. ಉಳಿದವರೆಲ್ಲ "ಅಯ್ಯಯ್ಯೋ" ಅಂತ ಕುಣಿಯುತ್ತಾ ಓಡುತ್ತಿದ್ದರೆ ನಾನೊಬ್ಬಳೇ ಗಂಭೀರವಾಗಿ ಸುತ್ತುತ್ತಿದ್ದೆ. ನನ್ನ ಭಕ್ತಿಗೆ ನಾನೇ ತಲೆದೂಗಿದೆ.

ಆ ವಾರವೇ ಯಡಿಯೂರಿನಲ್ಲಿ ಒಂದು ಟ್ರಸ್ಟಿನವರು ನಡೆಸುವ ಕ್ಲಿನಿಕ್ಕಿಗೆ ಹೋಗಬೇಕಿತ್ತು. ಅಲ್ಲಿ ಶುಗರ್ ಇರುವವರು ನೇರವಾಗಿ ಡಾಕ್ಟರ್ ಹತ್ತಿರ ಹೋಗುವ ಹಾಗಿಲ್ಲ. ಮೊದಲು ನರ್ಸ್ ಶಶಿಕಲಾ ಪಾದ ನೋಡುತ್ತಾರೆ. ಊಟದ ವಿಷಯ ಹೇಳಿಕೊಡಲು ಒಬ್ಬರು, ಮನೆಗೆ ಫೋನ್ ಮಾಡಿ "ಮಾತ್ರೆ ತಗೊಂಡ್ರಾ?" ಅಂತ ಕೇಳಲು ಇನ್ನೊಬ್ಬರು.

"ಕಾಲು ತೋರಿಸಿ ಅಕ್ಕ."

"ಅಯ್ಯೋ, ಬೇಡ ಸಿಸ್ಟರ್. ನೀವು ನನ್ನ ಕಾಲು ಮುಟ್ಟೋದೇನು! ಕಾಲಿಗೇನೂ ಆಗಿಲ್ಲ."

"ಎಲ್ಲಾರೂ ಹೀಗೇ ಅಂತಾರೆ. ಎತ್ತಿ, ಎತ್ತಿ."

ಎತ್ತಿದೆ. ಅಂಗಾಲಿನ ಬೊಬ್ಬೆ ಒಡೆದು ಕೀವು ಕಟ್ಟಿತ್ತು. ನನಗೆ ಗೊತ್ತೇ ಇರಲಿಲ್ಲ! ಸುಟ್ಟರೂ ತಿಳಿಯದಷ್ಟು ಪಾದ ಮರಗಟ್ಟಿತ್ತಂತೆ. ಬಡಾವಣೆಯ ಬೀದಿನಾಯಿಯಿಂದ ಭೂಕಂಪದವರೆಗೆ ಎಲ್ಲದಕ್ಕೂ ಚಿಂತೆ ಮಾಡುವ ನಾನು, ನನ್ನ ಕಾಲಿನ ಬಗ್ಗೆ ಮಾತ್ರ ನಿಶ್ಚಿಂತೆಯಿಂದಿದ್ದೆ. "ಇನ್ನೂ ತಡವಾಗಿದ್ರೆ ಬೆರಳು ಉಳೀತಿರಲಿಲ್ಲವೇನೋ" ಎಂದರು ಡಾಕ್ಟರ್.

ಗಾಯ ಮಾಯುವ ಹೊತ್ತಿಗೆ ಟ್ರಸ್ಟಿನವರು ರೋಗಿಗಳ ಸಭೆ ಕರೆದರು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ಡಾಕ್ಟರ್ ಒಬ್ಬರಿದ್ರೆ ಸಾಕು. ಕಾಲು ನೋಡೋರು, ಫೋನ್ ಮಾಡೋರು ಎಲ್ಲಾ ದಂಡದ ಖರ್ಚು. ಮುಂದಿನ ತಿಂಗಳಿಂದ ನಿಲ್ಲಿಸ್ತಾ ಇದೀವಿ" ಎಂದರು. ಶಶಿಕಲಾ ಬಾಗಿಲ ಹತ್ತಿರ ನೆಲ ನೋಡುತ್ತಾ ನಿಂತಿದ್ದರು.

ಆಟೋದವರ ಹತ್ತಿರ ಚಿಲ್ಲರೆ ವಾಪಸ್ ಕೇಳಲೂ ಹೆದರುವವಳು ನಾನು. ಅವತ್ತು ಏನಾಯಿತೋ, ಎದ್ದು ಹೋಗಿ, ಚಪ್ಪಲಿ ಬಿಟ್ಟು, ಕುರ್ಚಿ ಎಳೆದು ಕೂತು, ಅಧ್ಯಕ್ಷರ ಮೇಜಿನ ಮೇಲೆ ಕಾಲಿಟ್ಟೆ. ಅವರ ಕಾಫಿ ಲೋಟದ ಪಕ್ಕದಲ್ಲೇ!

"ಏನಮ್ಮಾ ಇದು! ಮೊದಲು ಕಾಲು ಇಳಿಸಿ!"

"ನೋಡಿ ಸಾರ್, ಆಮೇಲೆ ಇಳಿಸ್ತೀನಿ. ಡಾಕ್ಟರ್ ಹತ್ರ ನಾನು ಕಾಲಿನ ಸುದ್ದೀನೇ ಎತ್ತುತ್ತಿರಲಿಲ್ಲ. ಹಿಡಿದಿದ್ದು ಸಿಸ್ಟರ್, ವಾಸಿ ಮಾಡಿದ್ದು ಇವರೆಲ್ಲಾ ಸೇರಿ. ಬೆರಳು ಹೋಗಿದ್ರೆ ಆಪರೇಷನ್ನು, ವಾರ್ಡು, ನನ್ನ ನೋಡ್ಕೊಳ್ಳೋಕೆ ಮಗಳು ಕೆಲಸ ಬಿಡೋದು... ಅದರ ಮುಂದೆ ಇವರ ಸಂಬಳ ಯಾವ ಲೆಕ್ಕ? ಯಾವುದು ಸಾರ್ ದಂಡ?"

ಮೇಜಿನ ಮೇಲಿದ್ದ ಕಾಲು ನಡುಗುತ್ತಿತ್ತು, ಲೋಟ ಟಣಟಣ ಅನ್ನುತ್ತಿತ್ತು. ಹಿಂದಿನ ಸಾಲಿನಿಂದ ಅಂಕಲ್ ಒಬ್ಬರು, "ತಡೀರಿ, ನಂದೂ ಇದೆ" ಎನ್ನುತ್ತಾ ಶೂ ಬಿಚ್ಚತೊಡಗಿದರು. ಅಧ್ಯಕ್ಷರು ಅವಸರವಾಗಿ ಲೋಟ ಎತ್ತಿಕೊಂಡು, "ಸಾಕು, ಸಾಕು. ಇನ್ನೊಂದು ವರ್ಷ ನಡೀಲಿ, ನೋಡೋಣ" ಎಂದರು.

ಆ ವರ್ಷ ಈಗ ಮುಗಿಯುತ್ತಾ ಬಂದಿದೆ. ದೇವಿಗೆ ಈಗ ನೆರಳಿನಲ್ಲಿ ನಿಂತೇ ಕೈಮುಗಿಯುತ್ತೇನೆ, ಅವಳೇನೂ ಕೋಪಿಸಿಕೊಂಡಂತಿಲ್ಲ. ಇನ್ನೊಂದು ಸಭೆ ಕರೆಯುತ್ತಾರಂತೆ ಎಂದು ಕೇಳಿದಾಗಿನಿಂದ ಊಟ ಸೇರುತ್ತಿಲ್ಲ, ನಿದ್ದೆ ಬರುತ್ತಿಲ್ಲ. ಆದರೂ ಹೋಗುತ್ತೇನೆ. ಮುಂದಿನ ಸಾಲಿನಲ್ಲೇ ಕೂರುತ್ತೇನೆ, ಮೇಜಿಗೆ ಕಾಲು ಎಟುಕುವಷ್ಟು ಹತ್ತಿರ.