ಒಂದೇ ಹಾಳೆಯ ಎರಡು ಜಂಪ್

೧೯೭೪ರಲ್ಲಿ ನಾನು ಶಹಾಬಾದಿನ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಆ ಬುಧವಾರ ಆರನೇ ತರಗತಿಗೆ ‘ಜಂಪ್’ ಪದದ ಪಾಠವಿತ್ತು. ಕಪ್ಪೆ ಜಂಪ್ ಮಾಡುತ್ತದೆ. ಬೆಚ್ಚಿಬಿದ್ದರೂ ಜಂಪ್, ಎಣ್ಣೆಯ ಬೆಲೆ ಒಮ್ಮೆಲೇ ಏರಿದರೂ ಜಂಪ್. ಬೋರ್ಡಿನ ಮೇಲೆ ಅರ್ಥ ಮಾತ್ರ ಒಂದೇ ಬರೆದಿದ್ದೆ: ಹಾರು.

ಸಂಜೆ ಊಟಕ್ಕೆ ಕುಳಿತಾಗ ಯಜಮಾನರಿಗೆ ಇದನ್ನು ಹೇಳಿದೆ. ಅವರು, ಶರಣಪ್ಪ, ಊರಾಚೆಯ ಖಾಸಗಿ ಕಲ್ಲುಗಣಿಯಲ್ಲಿದ್ದರು. ಸಣ್ಣ ಹಳಿಯ ಮೇಲೆ ಕಲ್ಲು ಒಯ್ಯುವ ಟ್ರಾಲಿಯ ಹಿಂದೆ ನಿಂತು ಬ್ರೇಕ್ ಹಿಡಿಯುವುದು ಅವರ ಕೆಲಸ.

“ನಮ್ಮ ಟ್ರಾಲಿನೂ ಜಂಪ್ ಮಾಡ್ತದ, ಟೀಚರಬಾಯಿ. ಅದನ್ನೂ ಪಾಠದಾಗ ಸೇರಿಸ್ಕೋ,” ಎಂದು ನಕ್ಕರು. “ತಿರುವಿನ್ಯಾಗ ಹಳಿ ಭಾಳ ಸಡ್ಲ ಅದ. ಮ್ಯಾನೇಜರಗ ಹೇಳಿ ಹೇಳಿ ಬಾಯಿ ನೋಯಾಕತ್ತದ.”

ಮರುದಿನ ಮಧ್ಯಾಹ್ನ ಅದೇ ತಿರುವಿನಲ್ಲಿ ಟ್ರಾಲಿ ಹಳಿ ತಪ್ಪಿತು. ಅವರು ಕಲ್ಲಿನ ರಾಶಿಗೆ ಹೋಗಿ ಬಿದ್ದರು. ಜೀವಂತವಾಗಿ ಆಸ್ಪತ್ರೆ ಮುಟ್ಟಲಿಲ್ಲ.

ಕಣ್ಣಾರೆ ಕಂಡವರು ಹಿಂದಿನ ಟ್ರಾಲಿಯಲ್ಲಿದ್ದ ಖಾಜಾಮಿಯಾ ಒಬ್ಬರೇ. ಅವರು ಕನ್ನಡದಲ್ಲಿ ಹೇಳಿದ್ದನ್ನು ಮ್ಯಾನೇಜರ್ ಇಂಗ್ಲಿಷಿನಲ್ಲಿ ಬರೆಸಿದ. ಆ ವರದಿಯನ್ನು ನಾನು ಓದಿದೆ. ಅದರಲ್ಲಿ ಹೀಗಿತ್ತು: ಟ್ರಾಲಿ ಹಳಿಯಿಂದ ‘ಜಂಪ್’ ಆಯಿತು. ಶರಣಪ್ಪ ಬ್ರೇಕ್ ಬಿಟ್ಟು ‘ಜಂಪ್’ ಮಾಡಿದ. ಸಾವಿಗೆ ಅವನೇ ಹೊಣೆ. ಬ್ರೇಕ್ ಬಿಟ್ಟು ಓಡಿದವನೆಂಬ ಹೆಸರನ್ನು ನನ್ನ ಗಂಡನಿಗೆ ಹಚ್ಚಿದ್ದರು.

ಖಾಜಾಮಿಯಾರನ್ನು ಕರೆದುಕೊಂಡು ನೇರ ಆಫೀಸಿಗೆ ಹೋದೆ. “ಏನಂದ್ರಿ ನೀವು? ಈ ಮ್ಯಾನೇಜರ್ ಮುಂದ ಹೇಳ್ರಿ.”

“ಹಾರಿ ಬಿದ್ದ ಅಂದೀನ್ರಿ ಬಾಯಿ. ಕಡೀತನಕ ಅವನ ಕೈ ಬ್ರೇಕಿನ ಮ್ಯಾಲೇ ಇತ್ತು.”

ಮ್ಯಾನೇಜರ್ ಕುಂದ್ರಿ ಎನ್ನಲೂ ಇಲ್ಲ. “ಹಾರು ಅಂದ್ರ ಜಂಪ್. ನೀವೇ ಸಾಲ್ಯಾಗ ಹಂಗ ಕಲಿಸ್ತೀರಲ್ಲ, ಟೀಚರ್? ಗಂಡ ಸತ್ತ ಮ್ಯಾಲೆ ಅರ್ಥ ಬದ್ಲಾತೇನು?”

“ಗಾಳಿ ಬಂದ್ರ ನಿಮ್ಮ ಟೊಪ್ಪಿಗಿನೂ ಹಾರ್ತದ. ಅದು ಜಂಪ್ ಮಾಡ್ತದೇನ್ರಿ?”

ಅಲ್ಲೇ ಕುಳಿತಿದ್ದ ಗುಮಾಸ್ತ ನಗು ತಡೆಯಲು ತಲೆ ತಗ್ಗಿಸಿದ. ನಾನು ಬಿಡಲಿಲ್ಲ. “ಟ್ರಾಲಿನೂ ಜಂಪ್ ಆತಂತ ಬರ್ದೀರಿ. ಅದರ ಮ್ಯಾಲ್ಯಾಕ ತಪ್ಪು ಹೊರಸಲಿಲ್ಲ?”

“ಅದು ಕಬ್ಬಿಣ. ಕಬ್ಬಿಣ ತಾನಾಗಿ ಹಾರ್ತದೇನು?”

“ಹಂಗಾದ್ರ ಅದನ್ನ ಹಾರಿಸಿದ್ದು ಏನಂತ ಬರೀರಿ. ಹಳಿ ಸಡ್ಲಿತ್ತು ಅಂತ ಬರೀರಿ.”

ಅವನು ಎದ್ದು ನಿಂತ. “ಖಾಜಾ, ನಾಳಿಂದ ಕೆಲಸಕ್ಕ ಬರಬ್ಯಾಡ. ಬಾಯಿ, ನೀವು ಹೊರಗ ನಡೀರಿ.”

ಹೊರಗೆ ಬಂದ ಮೇಲೆ ಖಾಜಾಮಿಯಾ ತಮ್ಮ ಟವೆಲ್ ಜಾಡಿಸಿ ಹೆಗಲಿಗೆ ಹಾಕಿಕೊಂಡರು. “ಇರ್ಲಿ ಬಿಡ್ರಿ. ಆ ಹಳಿ ಮ್ಯಾಲ ಇನ್ನ ಯಾವ ಮಗ ನಿಂದರ್ತಾನ?” ಎಂದರು. ಮುಂದೆ ಅವರು ಪಕ್ಕದ ವಾಡಿ ಊರಿನಲ್ಲಿ ಹಮಾಲಿ ಮಾಡಿ ಸಂಸಾರ ನಡೆಸಿದರು.

ಅದೇ ವಾರ ಆ ತಿರುವಿನ ಹಳಿ ಕಿತ್ತು ಹೊಸದು ಹಾಕಿದರು. ವರದಿ ತಿದ್ದಬೇಕೆಂದು ನಾನು ಎರಡು ಅರ್ಜಿ ಬರೆದೆ. ಉತ್ತರ ಬರಲಿಲ್ಲ. ಆ ಮ್ಯಾನೇಜರನನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುವ ಮನಸ್ಸೂ ಇಲ್ಲ.

ಆಮೇಲೆ ಚಿತ್ತಾಪುರ, ಸೇಡಂ ಶಾಲೆಗಳಲ್ಲಿ ನಿವೃತ್ತಿಯವರೆಗೆ ಕಲಿಸಿದೆ. ‘ಜಂಪ್’ ಬಂದಾಗ ಬೋರ್ಡಿನ ಮೇಲೆ ಒಂದೇ ಅರ್ಥ ಬರೆದು ಮುಂದೆ ಹೋಗಲಿಲ್ಲ. ತಾನಾಗಿ ಹಾರಿದ್ದೋ, ಬೇರೊಂದು ಎಸೆದದ್ದೋ ಎಂದು ಮಕ್ಕಳನ್ನು ಮೊದಲು ಕೇಳಿದೆ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು.

ಹಳಿ ಸಡಿಲವಿತ್ತು ಎಂಬ ಮಾತು ಆ ವರದಿಯಲ್ಲಿ ಇಂದಿಗೂ ಇಲ್ಲ.