ಪಾಯಿಂಟಪ್ಪನ ಎರಡು ಸೀಟು

ನಮ್ಮ ಯಜಮಾನರಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಪಾಯಿಂಟಪ್ಪ. ನಲ್ಲಿ, ಪೈಪು, ವಾಷರ್ ಮಾರುವ ಅಂಗಡಿ ಅವರದು. ಎಂಜಲು ಕೈಯಲ್ಲಿ ಕಾಗೆ ಓಡಿಸದ ಮನುಷ್ಯ ಅಂತ ಗೊತ್ತಿದ್ದೇ ನನ್ನಪ್ಪ ನನ್ನನ್ನು ಕೊಟ್ಟರು, "ಉಳಿಸೋ ಗಂಡು" ಅಂತ ಹೊಗಳಿ. ಉಳಿಸಿದರು, ಸುಳ್ಳಲ್ಲ. ಮನೆಯ ಸೋಪಿನಿಂದ ಹಿಡಿದು ಅಂಗಡಿಯ ಸರಕಿನವರೆಗೆ ಎಲ್ಲವನ್ನೂ ಒಂದು ವಿಮಾನ ಕಂಪನಿಯ ಕಾರ್ಡಿನಲ್ಲೇ ಕೊಳ್ಳುವುದು, ಕೊಂಡದ್ದಕ್ಕೆಲ್ಲ ಪಾಯಿಂಟು, ಪಾಯಿಂಟು ಕೂಡಿದರೆ ಬಿಟ್ಟಿ ಟಿಕೆಟ್ಟು. ನನಗೆ ಹಲ್ಲು ನೋವು ಬಂದಾಗಲೂ ಕಾರ್ಡು ತೆಗೆದುಕೊಳ್ಳುವ ಡಾಕ್ಟರನ್ನೇ ಹುಡುಕಿದರು. ಕೆನ್ನೆ ಊದಿಸಿಕೊಂಡು ಬೀದಿ ಬೀದಿ ಅವರ ಹಿಂದೆ ನಡೆದವಳು ನಾನು. ಇಷ್ಟೆಲ್ಲ ಮಾಡಿ ಒಂದು ಸಲವಾದರೂ ವಿಮಾನ ಹತ್ತಿದವರೇ? ಇಲ್ಲ.

ಅವರಿಗೆ ಒಬ್ಬಳು ಅಕ್ಕ, ನನಗೆ ಅತ್ತಿಗೆ. ತಾಯಿ ಇಲ್ಲದ ತಮ್ಮನನ್ನು ಕಂಕುಳಲ್ಲಿ ಹೊತ್ತು ಸಾಕಿದವರು. ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿದು ಹೊಲಿದು ಅವರ ಸೊಂಟ ಬಗ್ಗಿಹೋಗಿದೆ. ಈ ಅಂಗಡಿ ಶುರುವಾಗಿದ್ದು ಅವರ ಕಿವಿಯ ಓಲೆ ಮಾರಿ. ಅವರಿಗಿದ್ದವಳು ಒಬ್ಬಳೇ ಮಗಳು, ಮದುವೆಯಾಗಿ ದೂರದ ಊರಿಗೆ ಹೋದವಳು. ಅಲ್ಲಿ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ್ದಳು. ಒಂದು ದಿನ ಅಲ್ಲಿಂದ ಅಳಿಯ ಫೋನು ಮಾಡಿದ. "ಅತ್ತೆ, ಡಾಕ್ಟ್ರು ಕೈ ಚೆಲ್ಲಿದ್ದಾರೆ. ಅಮ್ಮ ಯಾವಾಗ ಬರ್ತಾಳೆ ಅಂತ ಒಂದೇ ಸಮ ಕೇಳ್ತಿದಾಳೆ. ಬೇಗ ಬನ್ನಿ" ಅಂದ.

ರೈಲಿನಲ್ಲಿ ಎರಡು ದಿನದ ಹಾದಿ. ಆ ಸೊಂಟದಲ್ಲಿ ಆಗುವ ಮಾತಲ್ಲ. ಆಗ ಯಜಮಾನರು ಎದೆ ತಟ್ಟಿ, "ಅಕ್ಕಾ, ನಾನಿಲ್ವಾ? ವಿಮಾನದಲ್ಲೇ ಕರ್ಕೊಂಡು ಹೋಗ್ತೀನಿ" ಅಂದರು. ಅಕ್ಕನಿಗೊಂದು ತನಗೊಂದು, ಎರಡು ಸೀಟು ಒಟ್ಟಿಗೆ ಪಾಯಿಂಟಿನಲ್ಲಿ ತೆಗೆದರು. ಶುಕ್ರವಾರ ಬೆಳಿಗ್ಗೆಯ ವಿಮಾನ. ಅವತ್ತೊಂದು ದಿನ ನನ್ನ ಗಂಡನ ಮೇಲೆ ನನಗೆ ಹೆಮ್ಮೆಯಾಯಿತು.

ಗುರುವಾರ ಒಬ್ಬ ಕಂಟ್ರಾಕ್ಟರ್ ಬಂದ. ಹೊಸ ಕಟ್ಟಡಕ್ಕೆ ಪೂರ್ತಿ ಪೈಪು, ನಲ್ಲಿ ಬೇಕಂತೆ, ನಾಳೆಯೇ ಬೇಕಂತೆ. ಮುಗಿಯಿತು. "ಅಕ್ಕ ಒಬ್ಬಳೇ ಹೋಗ್ಲಿ. ಹತ್ತಿಸ್ತಾರೆ, ಇಳಿಸ್ತಾರೆ, ಅವಳೇನು ಮಗುವಾ?" ಅಂದರು. ಆಗಲಪ್ಪ, ಅತ್ತಿಗೆ ಹೋದರೆ ಸಾಕು ಎಂದುಕೊಂಡೆ. ನೋಡಿದರೆ ಫೋನು ಹಿಡಿದು ಕೂತಿದ್ದಾರೆ.

"ಏನ್ ಮಾಡ್ತಿದ್ದೀರಿ?"

"ನನ್ನ ಸೀಟು ಕ್ಯಾನ್ಸಲ್ ಮಾಡ್ತಿದೀನಿ. ಪಾಯಿಂಟ್ ವಾಪಸ್ ಬರುತ್ತೆ."

"ಅದನ್ನ ಮುಟ್ಟಬೇಡಿ. ನೀವು ಹೋಗದಿದ್ರೆ ಆಯ್ತು, ಅಷ್ಟೇ. ಸೀಟು ಖಾಲಿ ಹೋದ್ರೆ ಹೋಗ್ಲಿ."

"ಖಾಲಿ ಹೋಗೋದಾ? ನಿಮ್ಮಪ್ಪ ತುಂಬಿಕೊಡ್ತಾನಾ?"

ಮೊದಲು ಕಂಪನಿಗೆ ಫೋನು ಮಾಡಿದ್ದರಂತೆ. ಸಂಗೀತ ಕೇಳಿಸಿ ಕೇಳಿಸಿ ಕೊನೆಗೆ ಒಬ್ಬಳು, "ಫೋನಲ್ಲಿ ಮಾಡಿಸಿದ್ರೆ ಚಾರ್ಜ್ ಆಗುತ್ತೆ ಸರ್" ಅಂದಳಂತೆ. ಚಾರ್ಜು ಅಂದರೆ ಇವರಿಗೆ ಚೇಳು ಕಡಿದ ಹಾಗೆ. ತಾವೇ ಒತ್ತಿದರು. ತಮ್ಮ ಹೆಸರಿನ ಮುಂದೆ ಗುರುತು ಹಾಕಿದರು, ಏನೋ ಕೇಳಿತು, ಓದದೆ ಹೂಂ ಅಂದರು. ಎರಡೂ ಸೀಟು ಹೋದವು.

ಮತ್ತೆ ಫೋನು, ಮತ್ತೆ ಸಂಗೀತ. ಈ ಸಲ ಜೋರಾಗಿಟ್ಟಿದ್ದರಿಂದ ನನಗೂ ಕೇಳಿಸಿತು.

"ಪಾಯಿಂಟ್ ಟಿಕೆಟಲ್ಲಿ ಒಬ್ಬರನ್ನ ಮಾತ್ರ ತೆಗೆಯೋಕೆ ಬರಲ್ಲ ಸರ್. ಮೊದಲು ಬುಕಿಂಗ್ ಬೇರೆ ಮಾಡಿಸ್ಬೇಕಿತ್ತು."

"ಹಾಗಾದ್ರೆ ನಮ್ಮಕ್ಕನ ಸೀಟು ವಾಪಸ್ ಕೊಡಮ್ಮ."

"ಅದು ಹೋಯ್ತು ಸರ್. ಈಗ ದುಡ್ಡಿನ ಸೀಟು ಮಾತ್ರ ಇದೆ. ನಿಮ್ಮ ಪಾಯಿಂಟ್ ಒಂದು ವಾರದಲ್ಲಿ ಬರುತ್ತೆ. ಬೇರೇನಾದ್ರೂ ಸಹಾಯ ಬೇಕಾ ಸರ್?"

ಸಹಾಯವಂತೆ! ಅವಳ ನಾಲಿಗೆಗೆ ಹುಳ ಬೀಳ. ಆದರೆ ಅವಳನ್ನು ಬೈದು ಏನು? ದುಡ್ಡಿನ ಸೀಟು ಇತ್ತಲ್ಲ! "ತಗೊಳ್ರೀ, ಈಗ್ಲೇ ತಗೊಳ್ರೀ" ಅಂತ ಕಿರುಚಿದೆ. "ಇರೇ, ಯಾರಾದ್ರೂ ಕ್ಯಾನ್ಸಲ್ ಮಾಡ್ತಾರೆ, ಪಾಯಿಂಟ್ ಸೀಟು ಬಂದೇ ಬರುತ್ತೆ" ಅಂತ ಶುಕ್ರವಾರವೆಲ್ಲ ಫೋನು ತಿಕ್ಕುತ್ತ ಕೂತರು, ಒಂದು ಕಡೆ ಕಂಟ್ರಾಕ್ಟರನಿಗೆ ಪೈಪು ಎಣಿಸಿ ಕೊಡುತ್ತ. ಅತ್ತಿಗೆ ನಮ್ಮ ಮನೆಯ ಬಾಗಿಲ ಹತ್ತಿರ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದರು. ಮಗಳಿಗೆ ಅಂತ ತಾವೇ ಹೊಲಿದ ಮೆತ್ತನೆಯ ನೈಟಿ ಆ ಚೀಲದಲ್ಲಿತ್ತು. ಆಸ್ಪತ್ರೆಯಲ್ಲಿ ಹಾಕಿ ತೆಗೆಯಲು ಸುಲಭವಾಗಲಿ ಅಂತ ಮುಂದೆ ಗುಂಡಿ ಇಟ್ಟಿದ್ದರು.

ಶನಿವಾರ ಇವರು ಸ್ನಾನಕ್ಕೆ ಹೋದಾಗ ಅಂಗಿ ಜೇಬಿನಿಂದ ಕಾರ್ಡು ಎತ್ತಿಕೊಂಡು ಮೂಲೆಯ ಟಿಕೆಟ್ ಅಂಗಡಿಗೆ ಓಡಿದೆ. ಮಧ್ಯಾಹ್ನದ ವಿಮಾನ ಸಿಕ್ಕಿತು. ಅತ್ತಿಗೆಯನ್ನು ನಾನೇ ಹತ್ತಿಸಿ ಬಂದೆ. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ಅವರು ವಿಮಾನದಲ್ಲಿರುವಾಗಲೇ ಆ ಹುಡುಗಿ ಹೋಗಿಬಿಟ್ಟಳು. ಅತ್ತಿಗೆ ಮಗಳ ಮುಖ ನೋಡಿದರು, ಮಗಳು ಅಮ್ಮನ ಮುಖ ನೋಡಲಿಲ್ಲ. ಆ ನೈಟಿಯನ್ನು ಅಲ್ಲೇ ತೊಡಿಸಿ, ಗುಂಡಿಗಳನ್ನು ಒಂದೊಂದಾಗಿ ಹಾಕಿ ಬಂದರಂತೆ.

ಎಲ್ಲ ಮುಗಿಸಿ ವಾಪಸ್ ಬಂದ ಸಂಜೆ ನಮ್ಮ ಹಜಾರದಲ್ಲಿ ಕೂತಿದ್ದರು. ಯಜಮಾನರು ಅಕ್ಕನ ಕಾಲ ಬಳಿ ಕೂತು ಅಳುತ್ತಿದ್ದರು. ನಿಜವಾದ ಅಳುವೇ, ಇಲ್ಲ ಅನ್ನುವುದಿಲ್ಲ. ಅಷ್ಟರಲ್ಲಿ ಫೋನು ಟಿಣ್ ಅಂತು. ಕಣ್ಣೊರೆಸಿಕೊಂಡು ನೋಡಿದರು. ಹುಟ್ಟುಗುಣ ಸುಟ್ಟರೂ ಹೋಗುತ್ತದೆಯೇ? ಮುಖ ಅರಳಿತು. ನಾನೂ ಕಂಡೆ, ಅತ್ತಿಗೆಯೂ ಕಂಡರು.

"ಬಂತಾ?" ಅಂತ ಕೇಳಿದರು ಅತ್ತಿಗೆ.

"ಬಂತು ಅಕ್ಕಾ. ಎರಡು ಸೀಟಿಂದೂ ಬಂತು. ಇವಳು ತೆಗೆದ ಟಿಕೆಟ್ಟಿಂದೂ ಸೇರಿಸಿ ಹಾಕಿದ್ದಾರೆ."

ಅತ್ತಿಗೆ ತಮ್ಮನ ತಲೆ ಸವರಿದರು. "ಹಾಗಾದ್ರೆ ನಿಂಗೇನೂ ಹೋಗ್ಲಿಲ್ಲ ಬಿಡಪ್ಪ" ಅಂದರು.

"ಇಲ್ಲ ಅಕ್ಕಾ, ಏನೂ ಹೋಗ್ಲಿಲ್ಲ" ಅಂದರು ನಮ್ಮ ಯಜಮಾನರು. ಅಕ್ಕ ಸಮಾಧಾನ ಹೇಳುತ್ತಿದ್ದಾಳೆ ಅಂತಲೇ ತಿಳಿದುಕೊಂಡರು.