ಬ್ರಹ್ಮಪುರದ ಮಹಡಿ ಮನೆಯ ಡಿಪಾಜಿಟ್ಟು

ಚುನಾವಣೆಯಲ್ಲಿ ಯಾರಾದರೂ ಠೇವಣಿ ಕಳೆದುಕೊಂಡರೆ ಊರೆಲ್ಲ ನಗುತ್ತದೆ. ನಾನು ನಗುವುದಿಲ್ಲ. ಅವನಾದರೂ ಸೋತು ಕಳೆದುಕೊಂಡ. ಬಾಡಿಗೆ ಮನೆಯವನು ಯಾವ ಚುನಾವಣೆಗೂ ನಿಲ್ಲದೆ, ತಪ್ಪದೆ ಬಾಡಿಗೆ ಕಟ್ಟಿ, ಮಾಲೀಕರ ನಾಯಿಗೂ ಮರ್ಯಾದೆ ಕೊಟ್ಟು, ಕೊನೆಗೆ ಅದನ್ನೇ ಕಳೆದುಕೊಳ್ಳುತ್ತಾನೆ. ನಮ್ಮ ಭಾಷೆ ಈ ವಿಷಯದಲ್ಲಿ ಮೊದಲೇ ಎಚ್ಚರಿಸಿದೆ. ವ್ಯವಹಾರ ಕುದುರಿಸಲು ಕೊಡುವ ಮುಂಗಡಕ್ಕೂ ಸಂಚಕಾರ ಎನ್ನುತ್ತೇವೆ, ಜೀವಕ್ಕೆ ಅಪಾಯ ಬಂದರೂ ಸಂಚಕಾರ ಎನ್ನುತ್ತೇವೆ. ಎರಡಕ್ಕೂ ಒಂದೇ ಪದ ಸಾಕೆಂದ ಹಿರಿಯರು ಬಾಡಿಗೆ ಮನೆಯಲ್ಲಿದ್ದವರೇ ಇರಬೇಕು.

ಕಲಬುರಗಿಯ ಬ್ರಹ್ಮಪುರದಲ್ಲಿ ಬಸವಂತರಾಯರ ಮನೆಯ ಮಹಡಿಯಲ್ಲಿ ನಾವು ಬಹಳ ವರ್ಷ ಇದ್ದೆವು. ಕೆಳಗೆ ಅವರು ಮತ್ತು ಅವರ ಹೆಂಡತಿ ನೀಲಮ್ಮ. ನಾನು ಕಾಲೇಜಿನಲ್ಲಿ ಪಾಠ ಹೇಳುವವನು. ನನ್ನ ಹೆಂಡತಿ ಜಗದೇವಿಗೆ ಕಮಲಾಪುರದ ಶಾಲೆಯಲ್ಲಿ ಕೆಲಸ. ದಿನಾ ಬಸ್ಸಿನಲ್ಲಿ ನಿಂತು ಓಡಾಡಿ ಅವಳಿಗೆ ಸಾಕಾಗಿತ್ತು. ಹಾಗಾಗಿ ಅಲ್ಲೇ ಒಂದು ಸಣ್ಣ ಮನೆ ಕಟ್ಟಿಸಿದೆವು. ಗೋಡೆ, ಸ್ಲ್ಯಾಬು ಎಲ್ಲ ಆಯಿತು, ಬಾಗಿಲಿಗೆ ಮಾತ್ರ ದುಡ್ಡು ಉಳಿಯಲಿಲ್ಲ. ರಾಯರ ಹತ್ತಿರವಿದ್ದ ಡಿಪಾಜಿಟ್ಟು ಬಂದ ದಿನ ಬಾಗಿಲು ಒಯ್ಯುತ್ತೇವೆಂದು ಬಡಗಿಗೆ ಹೇಳಿದ್ದೆವು.

ಮನೆ ಬಿಡುವ ದಿನ ಸಾಮಾನೆಲ್ಲ ಟೆಂಪೋಗೆ ಹೇರಿದ ಮೇಲೆ ಬಸವಂತರಾಯರು ಮೇಲೆ ಬಂದರು. ಡಾಕ್ಟರು ರೋಗಿಯ ಬೆನ್ನು ತಟ್ಟುವಂತೆ ಗೋಡೆ ತಟ್ಟುತ್ತ ನಡೆದರು.

"ಸರ್, ಬಣ್ಣ ಹೋಗ್ಯಾದ. ಮೊಳಿ ಹೊಡದೀರಿ. ನೆಲದ ಫರಸಿ ಕಪ್ಪಾಗ್ಯಾದ. ಲೆಕ್ಕ ಹಾಕಿದ್ರ ಡಿಪಾಜಿಟ್ಟು ಪೂರಾ ಮುರ್ಕೊಂಡ ಮ್ಯಾಲೂ ನೀವೇ ನನಗ ಕೊಡಬೇಕಾಗ್ತದ. ಹೋಗ್ಲಿ ಬಿಡ್ರಿ, ಅದು ನಾ ಕೇಳಂಗಿಲ್ಲ."

ಈ ಔದಾರ್ಯಕ್ಕೆ ನನ್ನ ಮೈ ಉರಿದುಹೋಯಿತು. ನಾವು ಬಂದಾಗ ಆ ಗೋಡೆಗಳಿಗೆ ಬಣ್ಣವೇ ಇರಲಿಲ್ಲ. ಎಲ್ಲಕ್ಕಿಂತ ದೊಡ್ಡ ಮೊಳೆ ಅವರೇ ಹೊಡೆದದ್ದು. ಮನುಷ್ಯ ಉಸಿರಾಡಿದರೂ ಗೋಡೆ ಸವೆಯಿತೆನ್ನುವವರ ಹತ್ತಿರ ಯಾವ ನ್ಯಾಯ ಕೇಳುವುದು? ತರಗತಿಯಲ್ಲಿ ತಾಸುಗಟ್ಟಲೆ ಗುಡುಗುವ ನಾನು "ಅಲ್ರೀ ಕಾಕಾ" ಎಂದಷ್ಟೇ ತೊದಲಿದೆ.

ಜಗದೇವಿ ಕಟ್ಟಿದ್ದ ಚಾಪೆ ಬಿಚ್ಚಿ ಖಾಲಿ ಕೋಣೆಯ ನಡುವೆ ಹಾಸಿದಳು.

"ಕಾಕಾ, ರೊಕ್ಕ ಬರೂತನಕ ಚಾವಿ ಕೊಡಂಗಿಲ್ಲ. ನಾ ಇಲ್ಲೇ ಇರ್ತೀನಿ." ನನ್ನ ಕಡೆ ತಿರುಗಿ, "ನೀವು ಸಾಮಾನು ತಗೊಂಡು ನಡ್ರಿ. ಅಲ್ಲಿ ಬಾಗಲಿಲ್ಲ, ಕಾಯಾಕ ಯಾರರೆ ಬೇಕಲ್ಲ" ಎಂದಳು.

ಹೀಗೆ ಕಮಲಾಪುರದಲ್ಲಿ ನಾನೇ ಬಾಗಿಲಾದೆ. ಕಾಲೇಜಿಗೆ ರಜೆ ಹಾಕಿ ಹೊಸ್ತಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಕುಳಿತೆ. ಬಸವಂತರಾಯರಿಗೆ ಹೇಳಬೇಕಿದ್ದ ಕಟು ಮಾತುಗಳೆಲ್ಲ ಆಗ ಸರಾಗವಾಗಿ ಹೊಳೆದವು. ಒಳಗೆ ನುಗ್ಗಲು ಬಂದ ಆಡುಗಳು ಅಷ್ಟನ್ನೂ ಕೇಳಿಸಿಕೊಂಡವು.

ಸಂಜೆ ಜಗದೇವಿ ಫೋನು ಮಾಡಿದಳು. ನೀಲಮ್ಮ ಮೊದಲು ರೊಟ್ಟಿ, ಪುಂಡಿ ಪಲ್ಯ ತಂದುಕೊಟ್ಟರಂತೆ. ಆಮೇಲೆ ಕೆಳಗೆ ಹೋಗದೆ ಅವಳ ಪಕ್ಕದಲ್ಲೇ ಚಾಪೆಯ ಮೇಲೆ ಕುಳಿತರಂತೆ.

"ಹಿಂದಿನ ಬಾಡಿಗಿಯವರ ಕಡೆನೂ ಇದೇ ಬಣ್ಣಕ್ಕ ರೊಕ್ಕ ಮುರ್ಕೊಂಡಾರವ್ವ. ಆ ಬಣ್ಣ ಇನ್ನೂ ಬಂದಿಲ್ಲ. ನನಗೂ ನಾಚಿಕಿ ಆಗ್ತದ" ಎಂದರಂತೆ.

ರಾಯರು ಕೆಳಗಿನಿಂದ ಊಟಕ್ಕೆ ಕೂಗಿದಾಗ ನೀಲಮ್ಮ ಕುಳಿತಲ್ಲಿಂದಲೇ ಉತ್ತರ ಕೊಟ್ಟರು: "ಆಕಿ ರೊಕ್ಕ ಆಕಿಗೆ ಕೊಡ್ರಿ. ಆಮ್ಯಾಲ ರೊಟ್ಟಿ."

ಮರುದಿನ ರಾಯರು ಶರಣಬಸವೇಶ್ವರ ಗುಡಿಯ ಹತ್ತಿರ ಒಂದು ಖಾನಾವಳಿಯಲ್ಲಿ ಉಂಡರು. ಗುರುತಿನವರೊಬ್ಬರು, "ಯಾಕ್ರಿ ರಾಯರ, ಮನ್ಯಾಗ ಕಾಕು ಇಲ್ಲೇನು?" ಎಂದು ಕೇಳಿಬಿಟ್ಟರಂತೆ. ಮನೆಗೆ ಬಂದವರೇ ಮೆಟ್ಟಿಲು ಹತ್ತಿ, ಒಂದು ಪೈಸೆಯನ್ನೂ ಮುರಿದುಕೊಳ್ಳದೆ ಪೂರಾ ಡಿಪಾಜಿಟ್ಟನ್ನು ಜಗದೇವಿಯ ಕೈಯಲ್ಲಿಟ್ಟರು. ಅವಳು ಚಾವಿ ಕೊಟ್ಟು ಬಂದಳು. ವಾರದೊಳಗೆ ನಮ್ಮ ಮನೆಗೆ ಬಾಗಿಲು ಕೂತವು. ಆದರೂ ನನ್ನ ಸಿಟ್ಟು ಇಳಿದಿಲ್ಲ. ನಮ್ಮದನ್ನೇ ನಾವು ಪಡೆಯಲು ಒಬ್ಬ ಹೆಣ್ಣುಮಗಳು ಖಾಲಿ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಬೇಕೆ?

ಚಾವಿ ಸಿಕ್ಕರೂ ರಾಯರಿಗೆ ಮನೆ ಸಿಗಲಿಲ್ಲ. ನೀಲಮ್ಮ ಕೆಳಗಿಳಿಯಲೇ ಇಲ್ಲ.

"ಸೊಸಿಯಾಗಿ ಬಂದಾಗಿಂದ ಕೆಳಗೇ ಇದ್ದೀನಿ. ಮ್ಯಾಲ ಇಷ್ಟು ಗಾಳಿ ಬರ್ತದಂತ ಬಾಡಿಗಿಯವ್ರಿಗಷ್ಟೇ ಗೊತ್ತಿತ್ತು" ಎಂದು ತಮ್ಮ ಮಂಚವನ್ನೇ ಮೇಲೆ ತರಿಸಿಕೊಂಡರು. ರಾಯರು ಈಗ ಎರಡೂ ಹೊತ್ತು ಊಟಕ್ಕೆ ಮೆಟ್ಟಿಲು ಹತ್ತುತ್ತಾರೆ. ನೀಲಮ್ಮನವರನ್ನು ಕೆಳಗಿಳಿಸಿ ಹೊಸ ಬಾಡಿಗೆದಾರರಿಂದ ಡಿಪಾಜಿಟ್ಟು ಕೇಳುವ ಧೈರ್ಯ ಅವರಿಗೆ ಇನ್ನೂ ಬಂದಿಲ್ಲ.